ಅಕ್ಕನ ಪ್ರೊಬೇಟ್ ಕೇಸ್ ನಡೆಸಿದ ಲಾಯರ್ ಈಗ ಜಡ್ಜ್ ಎಲೆಕ್ಷನ್‌ಗೆ ನಿಂತಿದ್ದಾರೆ, ನನ್ನ ರಿವ್ಯೂ

ಡಾಲಸ್ ಸುತ್ತಮುತ್ತ ಇರೋ ಕನ್ನಡದವರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ನಮ್ಮಕ್ಕನ ಕೇಸ್ ನೋಡ್ಕೊಂಡ ಲಾಯರಮ್ಮ ಈ ಸಲ ನಮ್ಮ ಕೌಂಟಿ (ಜಿಲ್ಲೆ ಥರ) ಪ್ರೊಬೇಟ್ ಕೋರ್ಟ್, ಅಂದ್ರೆ ತೀರಿಕೊಂಡವರ ಆಸ್ತಿ ಥರದ ಕೇಸ್ ನೋಡೋ ಕೋರ್ಟಿನ ಜಡ್ಜ್ ಸ್ಥಾನಕ್ಕೆ ನಿಂತಿದ್ದಾರೆ, ಹೇಗೆ ಅವ್ರು, ಓಟ್ ಹಾಕ್ಬಹುದಾ ಅಂತ ಸುಮಾರು ಜನ ಕೇಳ್ತಿದಾರೆ. ಮನೆ ವಿಷಯನೂ ಇದ್ರಲ್ಲಿ ಇರೋದ್ರಿಂದ ಹೆಸರು ಹಾಕಲ್ಲ.

ಭಾವ ವಿಲ್ ಮಾಡದೇ ಹೋಗ್ಬಿಟ್ರು. ಟೆಕ್ಸಸ್‌ನಲ್ಲಿ ಸಣ್ಣ ಆಸ್ತಿಗೆ ಒಂದು ಅಫಿಡವಿಟ್‌ನಲ್ಲೇ ಕೆಲ್ಸ ಮುಗಿಸೋ ದಾರಿ ಇದೆ, ಆದ್ರೆ ಅದು ಮನೆ ಬಿಟ್ಟು 75,000 ಡಾಲರ್ ಒಳಗಿದ್ರೆ ಮಾತ್ರ, ನಮ್ದು ಅದಕ್ಕಿಂತ ಜಾಸ್ತಿ ಇತ್ತು, ಬ್ಯಾಂಕ್‌ನವರು ಕೋರ್ಟ್ ಆರ್ಡರ್ ಇಲ್ದೆ ದುಡ್ಡು ಕೊಡಲ್ಲ ಅಂದ್ರು, ಹಾಗಾಗಿ ವಾರಸುದಾರರು ಯಾರು ಅಂತ ಕೋರ್ಟಿಂದಲೇ ಡಿಕ್ಲೇರ್ ಮಾಡಿಸೋ ಕೇಸ್ ಹಾಕಲೇಬೇಕಾಯ್ತು.

ಮೊದಲ ಮೀಟಿಂಗ್‌ನಲ್ಲೇ ಇವ್ರು ಕೇಳಿದ ಒಂದು ಪ್ರಶ್ನೆ ನನಗೆ ತುಂಬಾ ಹಿಡಿಸ್ತು. ಅಕೌಂಟಲ್ಲಿ ಇರೋ ದುಡ್ಡೆಲ್ಲ ಸಂಬಳದಿಂದ ಬಂದಿದ್ದಾ, ಇಲ್ಲ ಊರಿಂದ ಏನಾದ್ರೂ ಬಂದಿತ್ತಾ ಅಂತ. ಅದಕ್ಕೂ ಮುಂಚೆ ನಾವು ಮಾತಾಡಿದ ಯಾರೂ ಇದನ್ನ ಕೇಳಿರ್ಲಿಲ್ಲ. ಇಲ್ಲಿ ಮದುವೆ ಆದ್ಮೇಲೆ ಸಂಪಾದಿಸಿದ್ದು ಕಮ್ಯುನಿಟಿ ಪ್ರಾಪರ್ಟಿ, ಅಂದ್ರೆ ಗಂಡ ಹೆಂಡತಿ ಇಬ್ಬರದ್ದೂ, ಮಕ್ಕಳೆಲ್ಲ ಇಬ್ಬರಿಗೂ ಹುಟ್ಟಿದವರೇ ಆಗಿದ್ರೆ ವಿಲ್ ಇಲ್ದಿದ್ರೂ ಅದು ಪೂರ್ತಿ ಹೆಂಡತಿಗೇ ಹೋಗತ್ತೆ. ಆದ್ರೆ ಪಿತ್ರಾರ್ಜಿತವಾಗಿ ಬಂದಿದ್ದು ಸಪರೇಟ್ ಪ್ರಾಪರ್ಟಿ, ಅಂದ್ರೆ ಅವರೊಬ್ಬರದ್ದೇ. ಮೈಸೂರಲ್ಲಿ ಭಾವನ ಅಪ್ಪನ ಸೈಟ್ ಮಾರಿ ಬಂದ ಪಾಲು ಒಂದು ಬೇರೆ ಅಕೌಂಟಲ್ಲಿ ಹಾಗೇ ಇತ್ತು, ಅದರಲ್ಲಿ ಅಕ್ಕಂಗೆ ಮೂರನೇ ಒಂದು ಭಾಗ, ಮಿಕ್ಕಿದ್ದು ಮಕ್ಕಳಿಗೆ. ಮೊದಲೇ ಇದನ್ನ ಬಿಡಿಸಿ ಹೇಳಿದ್ರಿಂದ ಆಮೇಲೆ ಯಾವ ಗೊಂದಲನೂ ಆಗ್ಲಿಲ್ಲ.

ಇನ್ನೊಂದು ವಿಷಯ. ಈ ಥರ ಕೇಸಲ್ಲಿ ನಮಗೆ ಗೊತ್ತಿಲ್ಲದ ವಾರಸುದಾರರು ಯಾರಾದ್ರೂ ಇದ್ರೆ ಅವ್ರ ಪರವಾಗಿ ಕೋರ್ಟೇ ಒಬ್ಬ ಅಟಾರ್ನಿ ಆಡ್ ಲೈಟಮ್ (ಆ ಕೇಸಿಗೆ ಅಂತಲೇ ನಿಲ್ಲೋ ಲಾಯರ್) ನೇಮಿಸತ್ತೆ, ಅವ್ರು ಬಂದು ಭಾವಂಗೆ ಬೇರೆ ಮದುವೆ ಆಗಿತ್ತಾ, ಬೇರೆ ಮಕ್ಕಳಿದ್ರಾ ಅಂತೆಲ್ಲ ಕೇಳ್ತಾರೆ, ಕುಟುಂಬನ ಬಲ್ಲ, ಆಸ್ತಿಲಿ ಪಾಲಿಲ್ಲದ ಇಬ್ಬರು ಸಾಕ್ಷಿ ಹೇಳ್ಬೇಕು. ಗಂಡನ ಕಳ್ಕೊಂಡು ಕೂತಿರೋ ಹೆಂಗಸಿಗೆ ಈ ಪ್ರಶ್ನೆಗಳು ಎಷ್ಟು ಚುಚ್ಚತ್ತೆ ಅಂತ ಯೋಚ್ನೆ ಮಾಡಿ. ಲಾಯರಮ್ಮ ಮುಂಚೆನೇ ಅಕ್ಕನ ಕೂರಿಸ್ಕೊಂಡು, ಇದು ಎಲ್ಲರಿಗೂ ಕೇಳೋ ಪ್ರಶ್ನೆ, ಯಾರೂ ನಿಮ್ಮ ಯಜಮಾನರ ಮೇಲೆ ಅನುಮಾನ ಪಡ್ತಿಲ್ಲ ಅಂತ ನಿಧಾನವಾಗಿ ತಿಳಿಸಿದ್ರು. ನಾಡಕಚೇರಿಯಿಂದ ತರಿಸಿದ ವಂಶವೃಕ್ಷನ ಟ್ರಾನ್ಸ್‌ಲೇಟ್ ಮಾಡ್ಸಿ ಫೈಲಿಗೆ ಸೇರಿಸಿದ್ರು. ಕೋರ್ಟ್ ರೂಮಲ್ಲಿ ಅಕ್ಕ ಒಂದ್ಸಲನೂ ತಡವರಿಸಲಿಲ್ಲ.

ಕೊರತೆ ಇಲ್ವಾ, ಇದೆ. ಫೋನ್ ಮಾಡಿದ್ರೆ ಸಿಗೋದು ಕಷ್ಟ, ಎಲ್ಲ ಪ್ಯಾರಾಲೀಗಲ್ (ಲಾಯರ್ ಆಫೀಸಿನ ಸಹಾಯಕರು) ಮೂಲಕ. ಫೀಸ್ ಕಮ್ಮಿ ಅಲ್ಲ, ಅದರ ಜೊತೆಗೆ ಆಡ್ ಲೈಟಮ್ ಫೀಸೂ ಆಸ್ತಿಯಿಂದಲೇ ಹೋಯ್ತು. ಅದಕ್ಕೇ 5ಕ್ಕೆ 4 ಸ್ಟಾರ್ ಕೊಡ್ತೀನಿ.

ಈಗ ಜಡ್ಜ್ ವಿಷಯಕ್ಕೆ ಬರೋಣ. ನಮ್ಮೂರಲ್ಲಿ ಜಡ್ಜ್ ಆಗೋಕೆ ಪರೀಕ್ಷೆ ಬರೀಬೇಕು, ಇಲ್ಲಿ ಪಾರ್ಟಿ ಟಿಕೆಟ್ ಮೇಲೆ ಎಲೆಕ್ಷನ್, ನಾಲ್ಕು ವರ್ಷದ ಅವಧಿ. ಸಣ್ಣ ಕೌಂಟಿಗಳಲ್ಲಿ ಪ್ರೊಬೇಟ್ ನೋಡೋದು ಕೌಂಟಿ ಜಡ್ಜ್, ಅವ್ರು ಲಾಯರ್ ಆಗಿರ್ಲೇಬೇಕು ಅಂತಿಲ್ಲ, ರಾಜ್ಯದ ಕಾನೂನು ಚೆನ್ನಾಗಿ ತಿಳಿದಿರ್ಬೇಕು ಅಂತಷ್ಟೇ ಟೆಕ್ಸಸ್ ಸಂವಿಧಾನ ಹೇಳೋದು. ನಮ್ಮಂಥ ದೊಡ್ಡ ಕೌಂಟಿಗಳ ಪ್ರೊಬೇಟ್ ಕೋರ್ಟಿಗೆ ಮಾತ್ರ ಪ್ರಾಕ್ಟೀಸ್ ಮಾಡಿರೋ ಲಾಯರೇ ಬೇಕು, ಆದ್ರೆ ಪ್ರೊಬೇಟ್‌ನಲ್ಲೇ ಪ್ರಾಕ್ಟೀಸ್ ಮಾಡಿರ್ಬೇಕು ಅಂತ ಕಾನೂನಲ್ಲಿ ಇಲ್ಲ. ಹಾಗಾಗಿ ಅದನ್ನ ನೋಡೋ ಜವಾಬ್ದಾರಿ ಓಟ್ ಹಾಕೋರದ್ದೇ.

ಇವ್ರಿಗೆ ಟೆಕ್ಸಸ್ ಬೋರ್ಡ್ ಆಫ್ ಲೀಗಲ್ ಸ್ಪೆಷಲೈಸೇಷನ್‌ನ ಎಸ್ಟೇಟ್ ಪ್ಲಾನಿಂಗ್ ಅಂಡ್ ಪ್ರೊಬೇಟ್ ಸರ್ಟಿಫಿಕೇಟ್ ಇದೆ. ಇದು ಸುಮ್ನೆ ಗೋಡೆ ಮೇಲೆ ಹಾಕೋ ಕಾಗದ ಅಲ್ಲ, ಅನುಭವ ತೋರಿಸ್ಬೇಕು, ಬೇರೆ ಲಾಯರ್‌ಗಳು ಮತ್ತು ಜಡ್ಜ್‌ಗಳ ಅಭಿಪ್ರಾಯ ಬೇಕು, ಪರೀಕ್ಷೆ ಪಾಸಾಗ್ಬೇಕು, ಐದೈದು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸ್ಬೇಕು. ಅದಕ್ಕಿಂತ ನನಗೆ ಮುಖ್ಯ ಅನ್ಸಿದ್ದು, ಇವ್ರು ಬೇರೆ ಕೇಸ್‌ಗಳಲ್ಲಿ ಕೋರ್ಟ್ ನೇಮಿಸಿದ ಆಡ್ ಲೈಟಮ್ ಆಗಿ ಬಹಳ ಕೆಲ್ಸ ಮಾಡಿದಾರೆ. ಪ್ರೊಬೇಟ್ ಜಡ್ಜ್ ಹತ್ರ ಆಸ್ತಿ ಜಗಳ ಮಾತ್ರ ಬರಲ್ಲ, ಮರೆವಿನ ಕಾಯಿಲೆ ಇರೋ ಅಜ್ಜಿಗೆ ಗಾರ್ಡಿಯನ್ ಬೇಕಾ, ಮಾನಸಿಕ ಕಾಯಿಲೆ ಇರೋರನ್ನ ಆಸ್ಪತ್ರೆಲಿ ಇರಿಸ್ಬೇಕಾ ಅನ್ನೋದೂ ಬರತ್ತೆ. ತನ್ನ ಪರವಾಗಿ ಮಾತಾಡೋಕೆ ಆಗದವರ ಪರ ನಿಂತು ಅಭ್ಯಾಸ ಇರೋರು ಆ ಕುರ್ಚಿಲಿ ಕೂತ್ರೆ ಒಳ್ಳೇದು. ಆಡ್ ಲೈಟಮ್ ಫೀಸ್ ಎಷ್ಟು ನ್ಯಾಯ ಅಂತ ತೀರ್ಮಾನಿಸೋದೂ ಅದೇ ಜಡ್ಜ್, ಆ ಕೆಲ್ಸಕ್ಕೆ ಎಷ್ಟು ಹೊತ್ತು ಬೇಕು ಅಂತ ಇವ್ರಿಗೆ ಗೊತ್ತು.

ನನಗಿರೋ ಒಂದೇ ಹಿಂಜರಿಕೆ, ಜ್ಯೂರಿ ಮುಂದೆ ಜಿದ್ದಾಜಿದ್ದಿ ಕೇಸ್ ನಡೆಸಿದ ಅನುಭವ ಇವ್ರಿಗೆ ಕಮ್ಮಿ. ಅಣ್ಣತಮ್ಮಂದಿರು ವಿಲ್ ಸುಳ್ಳು ಅಂತ ಕಿತ್ತಾಡೋ ಕೇಸಲ್ಲಿ ಗಟ್ಟಿಯಾಗಿ ನಿಲ್ತಾರಾ ಅನ್ನೋದನ್ನ ಕಾದು ನೋಡ್ಬೇಕು. ಆದ್ರೂ ನನ್ನ ಓಟ್ ಇವ್ರಿಗೇ.

ನನ್ನ ಮಾತು ನಂಬಿ ಹಾಕ್ಬೇಡಿ, ಟೆಕ್ಸಸ್ ಸ್ಟೇಟ್ ಬಾರ್ (ರಾಜ್ಯದ ಲಾಯರ್‌ಗಳ ಸಂಸ್ಥೆ) ವೆಬ್‌ಸೈಟಲ್ಲಿ ಯಾವ ಲಾಯರ್ ಹೆಸರು ಹಾಕಿದ್ರೂ ಲೈಸೆನ್ಸ್ ಯಾವಾಗ ಸಿಕ್ತು, ಶಿಸ್ತು ಕ್ರಮ ಏನಾದ್ರೂ ಆಗಿದೆಯಾ ಅಂತ ತೋರಿಸತ್ತೆ, ಎದುರಾಳಿದೂ ನೋಡಿ. 2020ರಿಂದ ಒಂದೇ ಗುಂಡಿ ಒತ್ತಿ ಪಾರ್ಟಿಯವ್ರಿಗೆಲ್ಲ ಓಟ್ ಹಾಕೋ ವ್ಯವಸ್ಥೆ ಇಲ್ಲ, ಜಡ್ಜ್‌ಗಳ ಹೆಸರು ಬ್ಯಾಲೆಟ್‌ನಲ್ಲಿ ತುಂಬಾ ಕೆಳಗಿರತ್ತೆ, ಸುಸ್ತಾಯ್ತು ಅಂತ ಅರ್ಧಕ್ಕೇ ಬಿಟ್ಟು ಬರ್ಬೇಡಿ. ಇನ್ನು ಗೆದ್ರೆ ಇವ್ರು ಪ್ರಾಕ್ಟೀಸ್ ಬಿಡ್ಬೇಕಾಗತ್ತೆ, ಹಾಗಾಗಿ ಇವ್ರ ಹತ್ರ ಕೇಸ್ ನಡೀತಿರೋರು ಫೈಲ್ ಮುಂದೆ ಯಾರು ನೋಡ್ತಾರೆ ಅಂತ ಈಗಲೇ ಕೇಳಿಟ್ಕೊಳ್ಳಿ.