ಸೋಮವಾರ–ಗುರುವಾರವೋ, ಬೆಳದಿಂಗಳ ಮೂರು ದಿನವೋ?

ರಂಜಾನ್ ಮುಗಿದರೂ ಉಪವಾಸ ಬಿಡಲು ಮನಸ್ಸಿಲ್ಲದವರ ಮುಂದೆ ಎರಡು ಸುನ್ನತ್ (ಪ್ರವಾದಿಯವರು ತೋರಿದ, ಕಡ್ಡಾಯವಲ್ಲದ) ದಾರಿಗಳಿವೆ. ಮೊದಲನೆಯದು ವಾರಕ್ಕೆರಡು: ಸೋಮವಾರ, ಗುರುವಾರ. ಸೋಮವಾರ ಪ್ರವಾದಿಯವರು ಹುಟ್ಟಿದ ದಿನ. ಈ ಎರಡೂ ದಿನ ಮನುಷ್ಯರ ಕರ್ಮಗಳು ಅಲ್ಲಾಹನ ಮುಂದೆ ಬರುತ್ತವೆ ಎಂದು ಹದೀಸ್ (ಪ್ರವಾದಿ ವಚನ) ಹೇಳುತ್ತದೆ. ಕ್ಯಾಲೆಂಡರ್ ಹುಡುಕಬೇಕಿಲ್ಲ, ಆದರೆ ತಿಂಗಳಿಗೆ ಎಂಟೊಂಬತ್ತು ಉಪವಾಸ. ಸೋಮವಾರದ ಕೆಲಸದ ಒತ್ತಡ ಬೇರೆ!

ಇನ್ನೊಂದು, ಚಾಂದ್ರಮಾನ ತಿಂಗಳ 13, 14, 15ರ ಉಪವಾಸ. ಒಂದು ಒಳಿತಿಗೆ ಹತ್ತರಷ್ಟು ಪುಣ್ಯ, ಹಾಗಾಗಿ ತಿಂಗಳಿಗೆ ಮೂರು ಎಂದರೆ ವರ್ಷವಿಡೀ ಹಿಡಿದಂತೆ. ಸತತ ಮೂರು ದಿನ ಸಹರಿಗೆ (ಉಪವಾಸಕ್ಕೆ ಮುಂಚಿನ ನಸುಕಿನ ಊಟಕ್ಕೆ) ಏಳುವುದೇ ಕಷ್ಟ. ದುಲ್‌ಹಜ್ಜ್ ತಿಂಗಳ 13ರಂದು ಮಾತ್ರ ಹಿಡಿಯುವಂತಿಲ್ಲ, ಅದು ತಶ್ರೀಕ್ ದಿನ, ಅಂದರೆ ಬಕ್ರೀದ್ ನಂತರದ ಮೂರು ದಿನಗಳಲ್ಲೊಂದು.

ಹೊಸಬರಿಗೆ ನಾನು ಹೇಳುವುದು ಎರಡನೆಯದನ್ನೇ. ಅಭ್ಯಾಸವಾದ ಮೇಲೆ ವಾರದ ಲೆಕ್ಕಕ್ಕೆ ಹೋಗಿ.

ಹಿಡಿದ ಉಪವಾಸ ನಡುವೆ ಮುರಿದರೆ? ಕರಾವಳಿಯ ಬ್ಯಾರಿಗಳು, ನವಾಯತರು ಹೆಚ್ಚಾಗಿ ಪಾಲಿಸುವ ಶಾಫಿ ಪಂಥದಲ್ಲಿ ಐಚ್ಛಿಕ ಉಪವಾಸಕ್ಕೆ ಕಝಾ (ಬದಲಿ ಉಪವಾಸ) ಕಡ್ಡಾಯವಲ್ಲ. ಹನಫಿ ಪಂಥದವರು ಇನ್ನೊಂದು ದಿನ ಹಿಡಿದು ತೀರಿಸಬೇಕು. ರಂಜಾನಿನದೇ ಬಾಕಿಯಿದ್ದರೆ ಮೊದಲು ಅದನ್ನು ಮುಗಿಸುವುದು ಲೇಸು.