‘ನ್ಯೂ ಟೀಡ್’: ಐದು ವರ್ಷದ ಚಂದಾದಾರಳ ಅನುಭವ

ನಾವು ಫಿನ್ಲೆಂಡ್‌ನ ರಾಜಧಾನಿ ಹೆಲ್ಸಿಂಕಿ ಪಕ್ಕದ ಎಸ್ಪೋಗೆ ಬಂದಾಗ ಮಗಳನ್ನು ಸ್ವೀಡಿಷ್ ಶಿಶುವಿಹಾರಕ್ಕೆ ಸೇರಿಸಿದೆವು. ಅವಳು ಮನೆಯಲ್ಲೂ ಸ್ವೀಡಿಷ್ ಮಾತಾಡಲು ಶುರು ಮಾಡಿದಳು. ನಾನೂ ಕಲಿಯಲೇಬೇಕಾಯಿತು. ಪಾಠದ ಪುಸ್ತಕ ಮುಗಿದ ಮೇಲೆ ಏನು ಓದೋದು ಅಂತ ಹುಡುಕುವಾಗ ಲೈಬ್ರರಿಯಲ್ಲಿ ‘ನ್ಯೂ ಟೀಡ್’ ಸಿಕ್ಕಿತು. ಅಂದರೆ ‘ಹೊಸ ಕಾಲ’. ಎಡಪಂಥದ ಕಡೆ ಒಲವಿರುವ, ರಾಜಕೀಯ ಮತ್ತು ಸಂಸ್ಕೃತಿಯ ಸ್ವೀಡಿಷ್ ಪತ್ರಿಕೆ. ಆಗ ಚಂದಾ ಕಟ್ಟಿದವಳು ಇನ್ನೂ ಬಿಟ್ಟಿಲ್ಲ.

ಫಿನ್ಲೆಂಡ್‌ನಲ್ಲಿ ಸ್ವೀಡಿಷ್ ಮನೆಮಾತಾಗಿರುವವರು ನೂರಕ್ಕೆ ಸುಮಾರು ಐದು ಜನ. 1809ರವರೆಗೆ ಈ ನಾಡನ್ನು ಆಳಿದ್ದು ಸ್ವೀಡನ್. ಹಾಗಾಗಿ ‘ಅದು ದೊಡ್ಡ ಮನೆಯವರ ಭಾಷೆ’ ಅನ್ನುವ ಮಾತು ಇಲ್ಲಿ ಈಗಲೂ ಕಿವಿಗೆ ಬೀಳುತ್ತದೆ. ನಾನೂ ನಂಬಿದ್ದೆ. ಆದರೆ ಪಶ್ಚಿಮ ಕರಾವಳಿಯಲ್ಲಿ ಸ್ವೀಡಿಷ್ ಮಾತಾಡುವ ರೈತರಿದ್ದಾರೆ, ಮೀನುಗಾರರಿದ್ದಾರೆ, ಕಾರ್ಖಾನೆ ಕೆಲಸದವರಿದ್ದಾರೆ. ಈ ಭಾಷೆಯಲ್ಲಿ ದುಡಿಯುವವರ ಪರ ನಿಲ್ಲುವ ಪತ್ರಿಕೆಯೊಂದು 1944ರಿಂದ ಇದೆ ಅಂತ ಗೊತ್ತಾದಾಗ ನನ್ನ ತಿಳಿವಳಿಕೆಯೇ ಬದಲಾಯಿತು. ಅದು ಸೋವಿಯತ್ ಒಕ್ಕೂಟದ ಜೊತೆ ಕದನವಿರಾಮವಾದ ವರ್ಷ. ಅಲ್ಲಿಯತನಕ ನಿಷೇಧದಲ್ಲಿದ್ದ ಕಮ್ಯುನಿಸ್ಟರು ಆಗ ಹೊರಗೆ ಬಂದರು. ಪತ್ರಿಕೆ ಮೊದಲು ಎಡಪಂಥೀಯರ ಕೂಟವೊಂದಕ್ಕೆ ಸೇರಿತ್ತು. ಆ ಕೂಟ 1990ರಲ್ಲಿ ಕೊನೆಯಾಯಿತು, ಪತ್ರಿಕೆ ಮಾತ್ರ ಉಳಿಯಿತು.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಈ ಕಥೆ ಇಷ್ಟವಾಗುತ್ತದೆ. ನಲವತ್ತರ ದಶಕದಲ್ಲಿ ಇದರ ಸಂಪಾದಕರಾಗಿದ್ದವರು ಆಟೋಸ್ ವಿರ್ಟಾನೆನ್. ಪಾರ್ಲಿಮೆಂಟ್ ಸದಸ್ಯರೂ ಹೌದು. ಅವರು ಗೆಳತಿ, ಲೇಖಕಿ ಮತ್ತು ಚಿತ್ರಕಲಾವಿದೆ ಟೂವೆ ಯಾನ್ಸನ್ ಕೈಲಿ ಮಕ್ಕಳಿಗೋಸ್ಕರ ಮೂಮಿನ್ (ನೀರಾನೆಯಂಥ ದುಂಡು ಮೂತಿಯ ಕಾಲ್ಪನಿಕ ಜೀವಿಗಳು) ಕಾಮಿಕ್ಸ್ ಬರೆಸಿದರು. 1947–48ರಲ್ಲಿ ಅದು ಇದೇ ಪತ್ರಿಕೆಯಲ್ಲಿ ಬಂತು. ಲಂಡನ್ ಪತ್ರಿಕೆಯಲ್ಲಿ ಮೂಮಿನ್ ಶುರುವಾಗಿದ್ದು 1954ರಲ್ಲಿ! ಟೋಪಿ ಹಾಕಿಕೊಂಡು, ಪೈಪ್ ಸೇದುತ್ತಾ ಊರೂರು ಅಲೆಯುವ ಸ್ನಫ್ಕಿನ್ ಪಾತ್ರಕ್ಕೆ ಮಾದರಿ ಇದೇ ಆಟೋಸ್. ನನ್ನ ಮಗಳಿಗೆ ತುಂಬಾ ಇಷ್ಟವಾದ ಪಾತ್ರ ಅದು.

ಓದೋದು ಸುಲಭ ಅಂತ ಹೇಳಲಾರೆ. ಮೊದಲ ವರ್ಷ ಒಂದು ಲೇಖನಕ್ಕೆ ಎರಡು ಸಂಜೆ ಬೇಕಾಗುತ್ತಿತ್ತು. ರಾಜಕೀಯದ ಲೇಖನ ಬೇಗ ಅರ್ಥವಾಗುತ್ತದೆ, ಯಾಕೆಂದರೆ ಅದೇ ಪದಗಳು ಮತ್ತೆ ಮತ್ತೆ ಬರುತ್ತವೆ. ಪುಸ್ತಕ ವಿಮರ್ಶೆಗೆ ಈಗಲೂ ಡಿಕ್ಷನರಿ ಬೇಕು. ಹಿಂದೆ ವಾರಕ್ಕೊಮ್ಮೆ ಬರುತ್ತಿತ್ತು, ಈಗ ಮಾಸಪತ್ರಿಕೆ. ಅವತ್ತವತ್ತಿನ ಸುದ್ದಿ ಬೇಕಾದವರಿಗೆ ಇದು ಸಾಲದು. ಅದಕ್ಕೆ 1864ರಿಂದ ಬರುತ್ತಿರುವ ‘ಹುಫ್ವುದ್‌ಸ್ಟಾಡ್ಸ್‌ಬ್ಲಾಡೆಟ್’ ದಿನಪತ್ರಿಕೆ ಇದೆ. ನನಗಂತೂ ನಿಧಾನವೇ ಒಗ್ಗಿತು. 2023ರ ಏಪ್ರಿಲ್‌ನಲ್ಲಿ ಫಿನ್ಲೆಂಡ್ ನೇಟೋ ಸೇರಿದಾಗ ದಿನಾ ಅದೇ ಗದ್ದಲ ಅಲ್ವಾ, ಒಂದು ತಿಂಗಳು ಯೋಚಿಸಿ ಬರೆದದ್ದನ್ನು ಓದಬೇಕು ಅನ್ನಿಸುತ್ತಿತ್ತು.

ಎಡಪಂಥದ ನಿಲುವು ಒಪ್ಪದವರಿಗೆ ಕೆಲವು ಪುಟ ಕಿರಿಕಿರಿ ಆಗಬಹುದು. ನಾನೂ ಎಲ್ಲವನ್ನೂ ಒಪ್ಪುವುದಿಲ್ಲ. ಸ್ವೀಡಿಷ್ ಕಲಿತು, ಇಲ್ಲೇ ನೆಲೆಸುವ ಮನಸ್ಸಿರುವ ಕನ್ನಡಿಗರು ಮೊದಲು ಲೈಬ್ರರಿಯಲ್ಲಿ ಎರಡು ಮೂರು ಸಂಚಿಕೆ ಓದಿ ನೋಡಿ. ಈಗ ನಮ್ಮನೆಯಲ್ಲಿ ಅಂಚೆಪೆಟ್ಟಿಗೆಯಿಂದ ಪತ್ರಿಕೆ ತರುವುದು ಮಗಳು. ಮೆಟ್ಟಿಲು ಹತ್ತುತ್ತಾ ತಲೆಬರಹ ಜೋರಾಗಿ ಓದಿ, ನನಗೆ ಕನ್ನಡದಲ್ಲಿ ಅರ್ಥ ಹೇಳುತ್ತಾಳೆ.