ವಿಯೆಟ್ನಾಮಿನ ಯಂತ್ರ, ಮಂಗಳೂರಿನ ಏಜೆನ್ಸಿ, ನಡುವೆ ಒಂದು ಹಾಳೆ

ಕಾರ್ಕಳದ ಬಳಿ ನಮ್ಮದೊಂದು ಚಿಕ್ಕ ಗೇರುಬೀಜದ ಕಾರ್ಖಾನೆ ಇದೆ. ಅದಕ್ಕೆ ವಿಯೆಟ್ನಾಮಿನಿಂದ ಯಂತ್ರ ತರಿಸುವಾಗ ಮಂಗಳೂರಿನ ಎರಡು ಕಸ್ಟಮ್ಸ್ ಕ್ಲಿಯರಿಂಗ್ ಏಜೆನ್ಸಿಗಳ ಸೇವೆಯನ್ನು ಒಂದಾದ ಮೇಲೊಂದರಂತೆ ಪಡೆದೆ. ಮೊದಲನೆಯದು ಕೈಕೊಟ್ಟಿತು, ಎರಡನೆಯದು ಕೈಹಿಡಿಯಿತು. ಒಬ್ಬರ ಹೆಸರನ್ನು ಮುಚ್ಚಿಟ್ಟು ಇನ್ನೊಬ್ಬರ ಹೆಸರನ್ನು ಮಾತ್ರ ಹೇಳಿದರೆ ಜಾಹೀರಾತಿನ ವಾಸನೆ ಬರುವುದರಿಂದ ಇಬ್ಬರನ್ನೂ ಇಲ್ಲಿ ಹೆಸರಿಸುವುದಿಲ್ಲ. ಇಬ್ಬರೂ ನನಗೆ ಮಾರಿದ ಸೇವೆ ಒಂದೇ ಆಗಿತ್ತು: ಭಾರತ ಮತ್ತು ಆಸಿಯಾನ್ (ವಿಯೆಟ್ನಾಮೂ ಸೇರಿರುವ ಆಗ್ನೇಯ ಏಷ್ಯಾದ ಕೂಟ) ದೇಶಗಳ ನಡುವಿನ ಸರಕು ವ್ಯಾಪಾರ ಒಪ್ಪಂದ ಕೊಡುವ ಸುಂಕದ ರಿಯಾಯಿತಿಯನ್ನು ಪಣಂಬೂರಿನ ಬಂದರಿನಲ್ಲಿ ನನ್ನ ಕೈಗೆ ತಲುಪಿಸುವುದು. ಆದ್ದರಿಂದ ಏಜೆನ್ಸಿಯನ್ನು ತೂಗಲು ಹೊರಟರೆ ಒಪ್ಪಂದವನ್ನೂ ತಕ್ಕಡಿಗೆ ಹಾಕದೆ ಗತ್ಯಂತರವಿಲ್ಲ.

ಆಸಿಯಾನ್ ನಮಗೆ ದೂರದ ಕೂಟವೇನಲ್ಲ. ಮ್ಯಾನ್ಮಾರ್ ನಮ್ಮ ಗಡಿಗೇ ಅಂಟಿಕೊಂಡಿದೆ. ಗ್ರೇಟ್ ನಿಕೋಬಾರಿನ ತುದಿಯಲ್ಲಿರುವ ಇಂದಿರಾ ಪಾಯಿಂಟ್‌ನಿಂದ ಇಂಡೋನೇಷ್ಯಾದ ಸುಮಾತ್ರಾಕ್ಕೆ 200 ಕಿಲೋಮೀಟರ್ ಕೂಡ ಇಲ್ಲ. ಈ ಕೂಟದೊಡನೆ ವ್ಯಾಪಾರದ ಬಾಗಿಲು ತೆರೆಯುವ ಚೌಕಟ್ಟಿನ ಒಪ್ಪಂದಕ್ಕೆ 2003ರ ಅಕ್ಟೋಬರಿನಲ್ಲಿ ಬಾಲಿಯಲ್ಲಿ ಸಹಿ ಬಿತ್ತು. ಸರಕುಗಳ ಒಪ್ಪಂದಕ್ಕೆ ಸಹಿಯಾಗಲು 2009ರ ಆಗಸ್ಟ್ ಬರಬೇಕಾಯಿತು. ಅದು ಜಾರಿಗೆ ಬಂದದ್ದು 2010ರ ಜನವರಿ 1ರಂದು, ಅದೂ ಮೊದಲಿಗೆ ಕೆಲವೇ ದೇಶಗಳೊಡನೆ. ಆರು ವರ್ಷ ಮಾತುಕತೆ ನಡೆಸಿದವರು ಯಾವ ಸರಕಿಗೆ ಎಷ್ಟು ಸುಂಕ ಇಳಿಸಬೇಕೆಂದು ಸಾಲು ಸಾಲಾಗಿ ಚೌಕಾಶಿ ಮಾಡಿದರು. ಆ ಚೌಕಾಶಿಯ ಫಲ ಬಂದರಿನಲ್ಲಿ ದಕ್ಕಬೇಕಾದರೆ ಮಾತ್ರ ‘ಫಾರಂ ಎಐ’ ಎಂಬ ಒಂದು ಹಾಳೆ ಬೇಕು. ಸರಕು ನಿಜಕ್ಕೂ ಆಸಿಯಾನ್ ದೇಶದಲ್ಲೇ ಹುಟ್ಟಿದ್ದೆಂದು ಅಲ್ಲಿನ ಸರ್ಕಾರದ ಅಧಿಕೃತ ಸಂಸ್ಥೆ ಕೊಡುವ ಮೂಲದ ಪ್ರಮಾಣಪತ್ರ ಅದು.

ನಾವು ತರಿಸಿದ್ದು ಗೇರುಬೀಜ ಒಡೆಯುವ ಯಂತ್ರ ಮತ್ತು ತಿರುಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಗ್ರೇಡಿಂಗ್ ಯಂತ್ರ. ಗೇರುಬೀಜ ಒಡೆಯುವುದೆಂದರೆ ಏನೆಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ, ಆದ್ದರಿಂದ ಹೆಂಗಸರು ಬೂದಿಯನ್ನೋ ಎಣ್ಣೆಯನ್ನೋ ಕೈಗೆ ಹಚ್ಚಿಕೊಂಡು ಕೂರುತ್ತಿದ್ದ ಕಾಲ ನನಗೆ ನೆನಪಿದೆ. ಈಗ ಆ ಕೆಲಸಕ್ಕೆ ಜನ ಬರುವುದಿಲ್ಲ, ಬರಬೇಕೆಂದು ಹೇಳುವ ಮುಖವೂ ನಮಗಿಲ್ಲ. ಗೇರು ಸಂಸ್ಕರಣೆಯಲ್ಲಿ ನಮ್ಮ ನೇರ ಪ್ರತಿಸ್ಪರ್ಧಿಯಾದ ವಿಯೆಟ್ನಾಮೇ ಅದಕ್ಕೆ ಬೇಕಾದ ಯಂತ್ರಗಳನ್ನೂ ಚೆನ್ನಾಗಿ ಮಾಡುತ್ತದೆ. ಎದುರಾಳಿಯ ಮನೆಯಿಂದಲೇ ಕತ್ತಿ ಕೊಳ್ಳುವ ಈ ವಿಚಿತ್ರಕ್ಕೆ ನಾವು ಒಗ್ಗಿಹೋಗಿದ್ದೇವೆ.

ಮೊದಲ ಏಜೆನ್ಸಿಯವರು ‘ಫಾರಂ ಎಐ ಒಂದು ಬಂದರೆ ಸಾಕು, ಮಿಕ್ಕದ್ದು ನಮಗೆ ಬಿಡಿ’ ಎಂದರು, ನಾನು ಬಿಟ್ಟೆ. ಕಂಟೇನರ್ ಹೋ ಚಿ ಮಿನ್ ನಗರದಿಂದ ಹೊರಟು, ಕೊಲಂಬೊದಲ್ಲಿ ಹಡಗು ಬದಲಿಸಿ ಪಣಂಬೂರಿಗೆ ಬಂತು. ಪ್ರಮಾಣಪತ್ರದಲ್ಲಿ ಎರಡೂ ಯಂತ್ರಗಳನ್ನು ಸುಂಕದ ಪಟ್ಟಿಯ 8438ನೇ ಶೀರ್ಷಿಕೆಯಡಿ, ಅಂದರೆ ಹಣ್ಣು, ಕಾಯಿಬೀಜ ಮತ್ತು ತರಕಾರಿ ಸಂಸ್ಕರಿಸುವ ಯಂತ್ರಗಳ ಸಾಲಿನಲ್ಲಿ ತೋರಿಸಿದ್ದರು. ಏಜೆನ್ಸಿಯವರು ಕಸ್ಟಮ್ಸಿಗೆ ಸಲ್ಲಿಸುವ ಆಮದು ಘೋಷಣೆಯಾದ ಬಿಲ್ ಆಫ್ ಎಂಟ್ರಿಯಲ್ಲಿ ಗ್ರೇಡಿಂಗ್ ಯಂತ್ರವನ್ನು 8433ರಡಿ, ಅಂದರೆ ಕೃಷಿ ಉತ್ಪನ್ನ ವಿಂಗಡಿಸುವ ಯಂತ್ರಗಳ ಸಾಲಿನಲ್ಲಿ ದಾಖಲಿಸಿದರು. ವಾದ ಮಾಡುವುದಾದರೆ ಎರಡಕ್ಕೂ ನೆಲೆಯಿದೆ, ಆದರೆ ಒಂದೇ ಯಂತ್ರಕ್ಕೆ ಎರಡು ಕಾಗದದಲ್ಲಿ ಎರಡು ಸಂಖ್ಯೆ ಕಂಡ ಅಧಿಕಾರಿ ಪ್ರಶ್ನೆ ಎತ್ತದೆ ಇರುತ್ತಾರೆಯೇ? ಜೊತೆಗೆ ಕೊಲಂಬೊ ಆಸಿಯಾನಿಗೂ ಸೇರಿಲ್ಲ, ನಮಗೂ ಸೇರಿಲ್ಲ. ಮೂರನೆಯ ದೇಶದ ಮೂಲಕ ಬಂದ ಸರಕು ಅಲ್ಲಿ ಮಾರುಕಟ್ಟೆಗೆ ಇಳಿಯದೆ ನೇರವಾಗಿ ಬಂದಿದೆಯೆಂದು ತೋರಿಸಲು, ಹೊರಟ ಬಂದರಿನಿಂದ ತಲುಪುವ ಬಂದರಿನವರೆಗೂ ಒಂದೇ ಆಗಿರುವ ಬಿಲ್ ಆಫ್ ಲೇಡಿಂಗ್, ಅಂದರೆ ಹಡಗಿನವರು ಕೊಡುವ ಸಾಗಣೆ ಪತ್ರ, ಇರಬೇಕು. ನಮ್ಮದು ಎರಡು ತುಂಡುಗಳಲ್ಲಿತ್ತು.

ಅದಕ್ಕಿಂತ ದೊಡ್ಡ ಲೋಪ ಬೇರೆಯೇ ಇತ್ತು. ಸರಕಿನ ಮೂಲದ ಬಗೆಗಿನ ಕಸ್ಟಮ್ಸ್ ಇಲಾಖೆಯ 2020ರ ನಿಯಮಗಳು ಆ ವರ್ಷದ ಸೆಪ್ಟೆಂಬರ್ 21ರಿಂದ ಜಾರಿಯಾದ ಮೇಲೆ, ವಿದೇಶದ ಪ್ರಮಾಣಪತ್ರವನ್ನು ತಂದು ಮುಂದಿಟ್ಟ ಮಾತ್ರಕ್ಕೆ ಆಮದುದಾರನ ಹೊಣೆ ಮುಗಿಯುವುದಿಲ್ಲ. ಸರಕು ಹೇಗೆ ತಯಾರಾಯಿತು, ಅದರ ಬೆಲೆಯಲ್ಲಿ ಎಷ್ಟು ಪಾಲು ಆ ಪ್ರದೇಶದ್ದು, ಯಾವ ನಿಯಮದ ಮೇಲೆ ಮೂಲ ನಿರ್ಧಾರವಾಯಿತು ಎಂಬ ವಿವರವನ್ನು ‘ಫಾರಂ 1’ ಎಂಬ ನಮೂನೆಯಲ್ಲಿ ಮೊದಲೇ ಕೈಯಲ್ಲಿಟ್ಟುಕೊಂಡಿರಬೇಕು, ಐದು ವರ್ಷ ಕಾಪಾಡಬೇಕು, ಅಧಿಕಾರಿ ಕೇಳಿದರೆ ಹತ್ತು ಕೆಲಸದ ದಿನಗಳೊಳಗೆ ಒಪ್ಪಿಸಬೇಕು. ಈ ನಮೂನೆಯ ಹೆಸರನ್ನು ನಾನು ಮೊದಲ ಬಾರಿಗೆ ಕೇಳಿದ್ದು ಇಲಾಖೆಯ ಪತ್ರದಿಂದ, ನನ್ನ ಏಜೆಂಟರಿಂದಲ್ಲ. ಭದ್ರತೆ ಕೊಟ್ಟು ತಾತ್ಕಾಲಿಕ ಮೌಲ್ಯಮಾಪನದ ಮೇಲೆ ಸರಕು ಬಿಡಿಸಿಕೊಳ್ಳುವ ದಾರಿಯೊಂದಿದೆಯೆಂಬುದನ್ನೂ ಅವರು ಹೇಳಲಿಲ್ಲ. ಬಂದರಿನಲ್ಲಿ ಕಂಟೇನರಿನ ಬಾಡಿಗೆ ದಿನದಿನಕ್ಕೂ ಏರುತ್ತಿದ್ದುದರಿಂದ 19ನೆಯ ದಿನ ಪೂರ್ತಿ ಸುಂಕ ಕಟ್ಟಿ ಯಂತ್ರ ಮನೆಗೆ ತಂದೆ. ಆಮದಿನ ಮೇಲಿನ ಜಿಎಸ್‌ಟಿಯಾದ ಐಜಿಎಸ್‌ಟಿಯೇನೋ ನಾವು ಮುಂದೆ ಕಟ್ಟುವ ತೆರಿಗೆಯಲ್ಲಿ ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ. ಮೂಲ ಕಸ್ಟಮ್ಸ್ ಸುಂಕ ಮಾತ್ರ ಹೋದದ್ದು ಹೋಯಿತು.

ಎರಡನೆಯ ಏಜೆನ್ಸಿ ಬಂದರಿನ ರಸ್ತೆಯ ಹಳೆಯ ಕಟ್ಟಡವೊಂದರ ಮಹಡಿಯಲ್ಲಿದೆ. ಎರಡು ಕೋಣೆ, ಐದು ಮಂದಿ, ಗೋಡೆಯ ತುಂಬ ಕಡತ. ಮುಂದಿನ ಸಲದ ಸರಕು ಹಡಗು ಹತ್ತುವುದಕ್ಕೆ ಮೂರು ವಾರ ಮೊದಲೇ ಅವರು ನನ್ನಿಂದ ಪ್ರಮಾಣಪತ್ರದ ಕರಡು ಪ್ರತಿಯನ್ನು ಕೇಳಿದರು. ಎದುರಿಗೆ ಕೂರಿಸಿಕೊಂಡು ಎಂಟನೆಯ ಚೌಕದ ಮೇಲೆ ಪೆನ್ಸಿಲ್ ಇಟ್ಟು, ‘ಇಲ್ಲಿ ಏನು ಬರೆದಿದ್ದಾರೆ, ಓದಿ’ ಎಂದರು. ಆ ಚೌಕದಲ್ಲಿ ಸರಕಿನ ಮೂಲವನ್ನು ನಿರ್ಧರಿಸಿದ ಮಾನದಂಡ ಇರುತ್ತದೆ. ಕಾಳುಮೆಣಸಿನಂತೆ ಪೂರ್ತಿಯಾಗಿ ಆ ನೆಲದಲ್ಲೇ ಬೆಳೆದ ವಸ್ತುವಾದರೆ ಒಂದು ಲೆಕ್ಕ. ಯಂತ್ರದಂತೆ ಹೊರಗಿನ ಬಿಡಿಭಾಗ ಸೇರಿದ್ದರೆ ಬೆಲೆಯ ಕನಿಷ್ಠ ಶೇ 35 ಪಾಲು ಒಪ್ಪಂದದ ಪ್ರದೇಶದ್ದಾಗಿರಬೇಕು, ಮತ್ತು ಬಳಸಿದ ಹೊರಗಿನ ಸಾಮಗ್ರಿಗಿಂತ ಸಿದ್ಧ ಸರಕಿನ ಆರಂಕಿಯ ಸುಂಕ ಸಂಖ್ಯೆ ಬೇರೆಯಾಗಿರಬೇಕು. ಮೋಟಾರ್ ಚೀನಾದ್ದೋ, ಬೇರಿಂಗ್ ಎಲ್ಲಿಯದು, ಚೌಕಟ್ಟು ಎಲ್ಲಿ ಬೆಸೆದದ್ದು ಎಂದು ತಯಾರಕರಿಗೆ ಒಂದು ಪ್ರಶ್ನಾವಳಿಯನ್ನೇ ಕಳುಹಿಸಿ, ಉತ್ತರ ಬಂದ ಮೇಲೆ ಫಾರಂ 1 ತುಂಬಿಸಿದರು. ಪ್ರಮಾಣಪತ್ರ ರಫ್ತಿನ ಹೊತ್ತಿಗೋ ಸರಕು ಹಡಗೇರಿದ ಮೂರು ಕೆಲಸದ ದಿನಗಳೊಳಗೋ ಆಗದಿದ್ದರೆ, ತಡವಾಗಿ ಕೊಟ್ಟದ್ದೆಂಬ ಮುದ್ರೆ ಅದರ ಮೇಲೆ ಇರಲೇಬೇಕೆಂದು ಅಲ್ಲಿಯವರಿಗೆ ಎರಡು ಬಾರಿ ನೆನಪಿಸಿದರು. ಸರಕು ಬಂದ ನಾಲ್ಕನೆಯ ದಿನ ಲಾರಿ ಕಾರ್ಖಾನೆಯ ಅಂಗಳದಲ್ಲಿತ್ತು.

ಕೊರತೆಗಳಿಲ್ಲವೆಂದಲ್ಲ. ಫೋನು ಎತ್ತುವುದು ಅಪರೂಪ. ಸಂಜೆ ಐದರ ಮೇಲೆ ಸಂದೇಶಕ್ಕೂ ಉತ್ತರವಿಲ್ಲ. ಬಿಲ್ಲಿನಲ್ಲಿ ‘ಇತರೆ ವೆಚ್ಚ’ ಎಂಬ ಸಾಲು ಪ್ರತಿ ಬಾರಿ ಕಾಣಿಸುತ್ತದೆ, ಅದರ ಹೊಟ್ಟೆಯೊಳಗೆ ಏನಿದೆ ಎಂಬುದು ಕೇಳಿದ ಮೇಲಷ್ಟೇ ತಿಳಿಯುತ್ತದೆ. ಶುಲ್ಕವೂ ಮೊದಲಿನವರಿಗಿಂತ ಹೆಚ್ಚು, ಆದರೆ ಉಳಿದ ಸುಂಕದ ಮುಂದೆ ಅದು ಲೆಕ್ಕಕ್ಕಿಲ್ಲ.

ಇಷ್ಟು ಹೇಳಿದ ಮೇಲೆ, ಈ ಕಾಗದದ ಕಾಟವನ್ನು ಕಿತ್ತೊಗೆಯಬೇಕು ಎಂದು ಬರೆಯುವುದು ಆಮದುದಾರನಾಗಿ ನನಗೆ ಸಹಜ. ಬರೆಯಲಾರೆ, ಏಕೆಂದರೆ ನನ್ನ ಹೆಂಡತಿಯ ತವರು ಕೊಪ್ಪದ ಕಡೆ. ಅಲ್ಲಿ ಅಡಿಕೆ ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿಗಳಲ್ಲಿ ನಮಗೂ ಒಂದು ಪಾಲಿದೆ. ಜಗತ್ತಿಗೇ ಅತಿ ಹೆಚ್ಚು ಕಾಳುಮೆಣಸು ಮಾರುವ ದೇಶ, ನನಗೆ ಯಂತ್ರ ಕೊಟ್ಟ ಅದೇ ವಿಯೆಟ್ನಾಂ. ಒಪ್ಪಂದ ಮಾಡಿಕೊಂಡವರು ಮೆಣಸು, ಕಾಫಿ, ಚಹಾ ಮತ್ತು ತಾಳೆ ಎಣ್ಣೆಯನ್ನು ‘ವಿಶೇಷ ಸರಕು’ಗಳೆಂದು ಪ್ರತ್ಯೇಕಿಸಿ, ಸುಂಕವನ್ನು ಹತ್ತು ವರ್ಷಗಳಲ್ಲಿ ನಿಧಾನವಾಗಿ ಇಳಿಸಿದರು, ಮೆಣಸಿಗೆ ಶೇ 70ರಿಂದ ಶೇ 50ಕ್ಕೆ, ಕಾಫಿಗೆ ಶೇ 100ರಿಂದ ಶೇ 45ಕ್ಕೆ. ಅರ್ಧದಷ್ಟು ಸುಂಕ ಉಳಿದಿದೆಯಲ್ಲ, ಮತ್ತೇನು ಭಯ ಎಂದು ಕೇಳುವವರಿದ್ದಾರೆ. ಶ್ರೀಲಂಕಾದೊಂದಿಗೆ ನಮಗಿರುವ ಬೇರೊಂದು ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ವಿಯೆಟ್ನಾಮಿನ ಮೆಣಸೇ ಲಂಕೆಯ ಮೂಲದ ಪ್ರಮಾಣಪತ್ರ ಹೊತ್ತು ಆ ಬಾಗಿಲಿನಿಂದ ಒಳಬರುತ್ತಿದೆ ಎಂದು ಮಲೆನಾಡು, ಕೊಡಗಿನ ಬೆಳೆಗಾರರು ವರ್ಷಗಟ್ಟಲೆ ಕೂಗಿದರು. ಕಿಲೋಗೆ 700 ರೂಪಾಯಿಯ ಆಸುಪಾಸಿನಲ್ಲಿದ್ದ ಧಾರಣೆ 2018ರ ಹೊತ್ತಿಗೆ 400ರ ಕೆಳಗೆ ಕುಸಿದಾಗ ಮಾವನ ಮನೆಯ ಅಟ್ಟದಲ್ಲಿ ಮೂಟೆಗಳು ಎರಡು ವರ್ಷ ಹಾಗೆಯೇ ಕುಳಿತಿದ್ದವು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಬೆಲೆಯನ್ನು ಗೊತ್ತುಮಾಡಿದ್ದು ಈ ಕೂಗಿನ ನಡುವೆಯೇ.

ಹೀಗಾಗಿ ನನ್ನ ಯಂತ್ರವನ್ನು ಬಂದರಿನಲ್ಲಿ 19 ದಿನ ಹಿಡಿದಿಟ್ಟ ಅನುಮಾನವೇ ಮಾವನ ಮೆಣಸನ್ನು ಕಾಯುತ್ತದೆ. ಕಾರ್ಖಾನೆಯ ಲೆಕ್ಕದ ಪುಸ್ತಕ ತೆರೆದಾಗ ಒಂದು ಅಭಿಪ್ರಾಯ, ಕೊಪ್ಪಕ್ಕೆ ಹೋದಾಗ ಇನ್ನೊಂದು. ಊಟದ ಹೊತ್ತಿನಲ್ಲಿ ಮಾವನ ಮುಂದೆ ಫಾರಂ 1ನ್ನು ಬೈದು ನಾನು ಒಮ್ಮೆ ಚೆನ್ನಾಗಿ ಅನ್ನಿಸಿಕೊಂಡಿದ್ದೇನೆ.

ಒಪ್ಪಂದದ ಮರುಪರಿಶೀಲನೆಯ ವ್ಯಾಪ್ತಿಯನ್ನು 2022ರಲ್ಲಿ ನಿಗದಿ ಮಾಡಿ, 2023ರ ಆಗಸ್ಟಿನಲ್ಲಿ ಇಂಡೋನೇಷ್ಯಾದ ಸೆಮರಾಂಗಿನಲ್ಲಿ ಸೇರಿದ ಸಚಿವರು 2025ರೊಳಗೆ ಅದನ್ನು ಮುಗಿಸುವ ಗುರಿ ಇಟ್ಟುಕೊಂಡರು. ಪತ್ರಿಕೆಗಳಲ್ಲಿ ಈ ಮಾತುಕತೆಯ ಸುದ್ದಿ ಬಂದಾಗಲೆಲ್ಲ ಕಾಣುವುದು ವ್ಯಾಪಾರದ ಕೊರತೆಯ ಅಂಕಿಗಳು. 2023-24ರಲ್ಲಿ ನಾವು ಆಸಿಯಾನಿಗೆ ಮಾರಿದ್ದು ಸುಮಾರು 41 ಬಿಲಿಯನ್ ಡಾಲರಿನಷ್ಟು, ಅಲ್ಲಿಂದ ಕೊಂಡದ್ದು ಸುಮಾರು 80 ಬಿಲಿಯನ್ ಡಾಲರಿನಷ್ಟು. ಅಂಕಿ ಚಿಕ್ಕದಲ್ಲ, ಆದರೆ ಅದರೊಳಗೆ ನನ್ನ ಗೇರುಬೀಜದ ಯಂತ್ರವೂ ಕೊರತೆಯೆಂದೇ ಲೆಕ್ಕವಾಗಿದೆ, ಆ ಯಂತ್ರದಿಂದ ಹೊರಬಂದ ತಿರುಳು ಬೇರೆ ದೇಶಕ್ಕೆ ಹೋದದ್ದು ಈ ಲೆಕ್ಕದಲ್ಲಿ ಕಾಣುವುದಿಲ್ಲ. ಸುಂಕದ ಪಟ್ಟಿಗಿಂತ ನನಗೆ ಹೆಚ್ಚು ಮುಖ್ಯವಾಗಿ ತೋರುವುದು ಸರಕಿನ ಮೂಲದ ನಿಯಮಗಳ ಅಧ್ಯಾಯ. ಎಲ್ಲ ಸರಕಿಗೂ ಶೇ 35ರ ಒಂದೇ ಅಳತೆಗೋಲು ಹಿಡಿಯುವ ಬದಲು ಸರಕಿಗೆ ತಕ್ಕ ನಿಯಮ ಬರಲಿ. ಯಂತ್ರಕ್ಕೆ ತುಸು ಸಡಿಲ, ಮೆಣಸಿಗೆ ಬಿಗಿ. ಪ್ರಮಾಣಪತ್ರ ಆಮದುದಾರನ ಕೈಗೆ ಬಂದು ಆತ ಬಂದರಿಗೆ ಒಯ್ಯುವ ಬದಲು, ಕೊಡುವ ದೇಶದ ಕಂಪ್ಯೂಟರಿನಿಂದ ನೇರವಾಗಿ ನಮ್ಮ ಕಸ್ಟಮ್ಸಿನ ಕಂಪ್ಯೂಟರಿಗೆ ಹೋದರೆ, ತಿದ್ದುವವರಿಗೂ ಎಡೆಯಿಲ್ಲ, ಕಾಯುವವರಿಗೂ ದಿನ ಉಳಿಯುತ್ತದೆ. ಆದರೆ ಫಾರಂ 1ರ ತಯಾರಿಕಾ ವಿವರಗಳಿಗಾಗಿ ಇಪ್ಪತ್ತು ಜನರ ಕಾರ್ಖಾನೆಯವನು ವಿಯೆಟ್ನಾಮಿನ ತಯಾರಕನ ವೆಚ್ಚದ ಗುಟ್ಟನ್ನು ಕೇಳಿ ತರಬೇಕೆನ್ನುವುದು ಅತಿಯಾಯಿತು. ನನ್ನ ತಯಾರಕ ಮೊದಲ ಸಲ ಸಿಟ್ಟಾಗಿ, ಬೆಲೆಯ ಚೌಕಾಶಿಗೆ ಕೇಳುತ್ತಿದ್ದೀರಾ ಎಂದೇ ಬರೆದಿದ್ದ. ಅಂಥ ಗುಟ್ಟನ್ನು ಎರಡು ಸರ್ಕಾರಗಳು ತಮ್ಮತಮ್ಮೊಳಗೆ ಕೇಳಿಕೊಳ್ಳಲಿ.

ಆಸಿಯಾನ್ ದೇಶದಿಂದ ಮೊದಲ ಸಲ ಸರಕು ತರಿಸುವವರು ಏಜೆನ್ಸಿಯ ಮೆಟ್ಟಿಲು ಹತ್ತಿದ ಕೂಡಲೇ ಶುಲ್ಕ ಕೇಳುವುದಕ್ಕಿಂತ ಮೊದಲು, ಫಾರಂ 1ನ್ನು ಯಾರು, ಯಾವಾಗ ತುಂಬುತ್ತಾರೆ ಎಂದು ಕೇಳಲಿ. ‘ಅದು ಆಮೇಲೆ ನೋಡೋಣ’ ಎಂದರೆ ಹಾಗೆಯೇ ಇಳಿದು ಬರಲಿ. ನನ್ನ ಮುಂದಿನ ಯಂತ್ರವನ್ನು ಬಂದರಿನ ರಸ್ತೆಯ ಆ ಎರಡು ಕೋಣೆಯವರಿಗೇ ಒಪ್ಪಿಸುತ್ತೇನೆ. ‘ಇತರೆ ವೆಚ್ಚ’ದ ವಿವರವನ್ನು ಮಾತ್ರ ಈ ಬಾರಿ ಮುಂಚೆಯೇ ಬರೆಸಿಕೊಳ್ಳುತ್ತೇನೆ.